ಎರಡನೇ ಗೇರು

ಕಡಲೆಕಾಯಿ ಪರಿಷೆ ಮುಗಿದ ವಾರ. 2022ರ ನವೆಂಬರ್ ಕೊನೆ. ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಇನ್ನೂ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು. ರಾಮಕೃಷ್ಣ ಆಶ್ರಮದ ಕಡೆಯಿಂದ ದೊಡ್ಡ ಬಸವಣ್ಣನ ಏರನ್ನು ಹತ್ತುತ್ತಿದ್ದೆ. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಒಂದನೇ ಗೇರಿನಿಂದ ಎರಡಕ್ಕೆ ಹಾಕಿ ಆಕ್ಸಿಲರೇಟರ್ ಒತ್ತಿದೆನೋ ಇಲ್ಲವೋ, ಗೇರಿನ ಹಿಡಿ ನನ್ನ ಕೈಯನ್ನೂ ತಳ್ಳಿಕೊಂಡು ‘ಟಕ್’ ಎಂದು ನ್ಯೂಟ್ರಲ್‌ಗೆ ಜಿಗಿಯಿತು. ಎಂಜಿನ್ ಜೋರಾಗಿ ಅರಚಿಕೊಂಡಿತು. ಕಾರು ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ಬಸ್ಸಿನವನು ಬಸವಣ್ಣನೇ ಎದ್ದು ಕೂರುವಂತೆ ಹಾರನ್ ಹೊಡೆದ.

“ಏನೇ ಇದು, ಮುಂದಕ್ಕೆ ಹೋಗೋದು ಬಿಟ್ಟು ಹಿಂದಕ್ಕೆ ಹೋಗ್ತಿದೀಯಲ್ಲೇ?” ಅಂದಳು ಅಕ್ಕ.

“ನಾನಲ್ಲಕ್ಕಾ, ಗೇರು” ಅಂದೆ. ಬ್ರೇಕು ಒತ್ತಿ, ಮತ್ತೆ ಒಂದಕ್ಕೆ ಹಾಕಿ, ಒಂದರಲ್ಲೇ ಮುಲುಗುಡಿಸುತ್ತಾ ಮನೆ ಸೇರಿದೆವು. ಅವತ್ತಿನಿಂದ ಸುಮಾರು ಎರಡು ತಿಂಗಳು ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಇದನ್ನು ರಿಪೇರಿ ಮಾಡಿಸಬೇಕೋ, ಬದಲಾಯಿಸಬೇಕೋ? ಕಾರಿನ ಪ್ರಶ್ನೆಗೆ ಇಷ್ಟು ಯೋಚನೆಯೇ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ನಮ್ಮದು ಬಿಳಿ ಮಾರುತಿ 800. ಕೊಂಡದ್ದು 1998ರ ಫೆಬ್ರವರಿಯಲ್ಲಿ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿಕೈಯನ್ನು ಅದರ ಒಡೆಯರಿಗೆ ಕೊಟ್ಟ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಮ್ಮ ಮನೆಯಲ್ಲಿ ಇದ್ದದ್ದು ಬಜಾಜ್ ಸ್ಕೂಟರು. ಆ ಕೀಲಿಕೈ ಬಸವನಗುಡಿಯ ನಮ್ಮ ಮನೆಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಯಜಮಾನರು ಬ್ಯಾಂಕಿನ ಸಾಲ ತೆಗೆದು ಕೊಂಡರು, ಹತ್ತು ವರ್ಷ ಓಡಿಸಿದರು, 2009ರಲ್ಲಿ ತೀರಿಕೊಂಡರು. ಎಂಟು ತಿಂಗಳು ಕಾರು ಗೇಟಿನೊಳಗೆ ಟಾರ್ಪಾಲಿನ ಕೆಳಗೆ ನಿಂತಿತ್ತು. ಆಮೇಲೆ, ಐವತ್ತೆರಡನೇ ವಯಸ್ಸಿನಲ್ಲಿ, ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವ ಹುಡುಗ ನನ್ನ ಮಗನಿಗಿಂತ ಚಿಕ್ಕವನು. “ಆಂಟಿ, ಕ್ಲಚ್ ಬಿಡೋವಾಗ ಹಾಲು ಉಕ್ಕೋದನ್ನ ನೋಡಿದ ಹಾಗೆ ನೋಡ್ಕೊಂಡು ಬಿಡಿ” ಎಂದು ಹೇಳಿಕೊಟ್ಟ. ಅಷ್ಟು ಚೆನ್ನಾಗಿ ಪಾಠ ಹೇಳಿದವರನ್ನು ನಾನು ಬಿ.ಎ. ಓದುವಾಗಲೂ ಕಂಡಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೆಂಗಸರು ಲೆಕ್ಕ ಬಿಟ್ಟು ಭಾವನೆಗೆ ಹೋಗುತ್ತಾರೆ ಎಂಬ ಮಾತಿದೆಯಲ್ಲ, ಆದ್ದರಿಂದ ಲೆಕ್ಕವೇ ಮೊದಲು. ಚಾಮರಾಜಪೇಟೆಯಲ್ಲಿ, ಮಕ್ಕಳ ಕೂಟದ ಆಚೆಯ ಓಣಿಯಲ್ಲಿ ನಮ್ಮ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನು ಭಾಯಿ ಎನ್ನುತ್ತಾರೆ. ಅವರು ನನ್ನನ್ನು ಅಮ್ಮಾ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯರೇ ಇರಬೇಕು. ಅವರು ಒಂದು ಸುತ್ತು ಓಡಿಸಿ ಬಂದು ದಾರಿ ಮೂರು ಎಂದರು. ಗೇರ್ ಬಾಕ್ಸ್ ಇಳಿಸಿ, ಬಿಚ್ಚಿ, ಸವೆದ ಸಾಮಾನು ಬದಲಾಯಿಸಿದರೆ ಹನ್ನೊಂದು ಸಾವಿರ. ಕುಂಬಾರಗುಂಡಿಯಲ್ಲಿ ಒಡೆದ ಕಾರಿನದೊಂದು ಹಳೇ ಗೇರ್ ಬಾಕ್ಸ್ ತಂದು ಕೂರಿಸಿದರೆ ಏಳು ಸಾವಿರ; ಆದರೆ ಅದು ಎಷ್ಟು ದಿನ ಬಾಳುತ್ತದೋ ಯಾರೂ ಹೇಳಲಾರರು. ಮೂರನೆಯದು, ಕಾರನ್ನೇ ಕೊಟ್ಟುಬಿಡುವುದು. ಮೂವತ್ತು ಸಾವಿರ ಬಂದರೆ ಪುಣ್ಯ.

ಇದರ ಜೊತೆಗೆ ಇನ್ನೊಂದಿತ್ತು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ಯೋಗ್ಯತಾ ಪತ್ರ ಪಡೆಯಬೇಕು. ನಮ್ಮದು 2013ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ಪಾಸಾಗಿತ್ತು. ಮುಂದಿನದು 2023ರ ಫೆಬ್ರವರಿ. ಹಿಂದೆ ಆರು ನೂರು ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ ಐದು ಸಾವಿರವಾಗಿತ್ತು. ಹಳೆಯ ಗಾಡಿಗಳನ್ನು ಜನ ತಾವಾಗಿಯೇ ಗುಜರಿಗೆ ಹಾಕಲಿ ಎಂದು ಸರ್ಕಾರ 2021ರಲ್ಲಿ ಹೊಸ ನೀತಿ ತಂದಿತಲ್ಲ, ಅದರ ಬಿಸಿ ಇದು. ಗೇರ್ ಬಾಕ್ಸು, ಶುಲ್ಕ, ತೆರಿಗೆ, ವಿಮೆ, ಪಾಸು ಮಾಡಿಸಲು ಒಂದಿಷ್ಟು ಬಣ್ಣ ಎಲ್ಲಾ ಸೇರಿಸಿದರೆ ಕಾರಿನ ಬೆಲೆಯನ್ನೇ ಮುಟ್ಟುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಪುಣೆಯಲ್ಲಿರುವ ಮಗ ಫೋನಿನಲ್ಲಿ ಹೇಳಿದ: “ಅಮ್ಮ, ಸಾಕು ಬಿಡು. ನಾನೇ ಒಂದು ಹೊಸ ಆಟೋಮ್ಯಾಟಿಕ್ ಕೊಡಿಸ್ತೀನಿ. ಅದರಲ್ಲಿ ಗೇರೇ ಇರಲ್ಲ, ನಿಂಗೆ ತೊಂದರೇನೇ ಇರಲ್ಲ.”

ಮಗ ಹೇಳಿದ್ದು ಪ್ರೀತಿಯಿಂದ. ಆದರೂ ಒಳಗೆಲ್ಲೋ ಚುಚ್ಚಿತು. ಈ ಮಾತನ್ನು ಭಾಯಿಗೆ ಹೇಳಿದಾಗ ಅವರು ನಕ್ಕರು. “ಗೇರು ಇರುತ್ತೆ ಅಮ್ಮಾ. ನಿಮ್ಮ ಕೈಗೆ ಸಿಗಲ್ಲ, ಅಷ್ಟೆ.”

ಚುಚ್ಚಿದ್ದು ಏಕೆ ಎಂದು ಹುಡುಕುತ್ತಾ ಹೋದೆ. ನಾನು ಬೆಳೆದ ಮನೆಯಲ್ಲಿ ಬಿಸಾಡುವುದು ಎಂಬ ಕ್ರಿಯಾಪದವೇ ಇರಲಿಲ್ಲ. ಅಮ್ಮನ ನೂಲಿನ ಸೀರೆ ಹಳೆಯದಾದರೆ ಮಗುವಿನ ತೊಟ್ಟಿಲ ಬಟ್ಟೆಯಾಗುತ್ತಿತ್ತು, ಅದೂ ಹರಿದರೆ ಮಸಿಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆ. ಭಗವದ್ಗೀತೆಯಲ್ಲಿ ಕೃಷ್ಣ, ಹಳೆಯ ಬಟ್ಟೆಯನ್ನು ಬಿಟ್ಟು ಹೊಸದನ್ನು ಉಡುವ ಹಾಗೆ ಆತ್ಮವು ದೇಹವನ್ನು ಬದಲಾಯಿಸುತ್ತದೆ ಎನ್ನುತ್ತಾನಲ್ಲ, ಆ ಹೋಲಿಕೆ ಕೇಳಿದಾಗಲೆಲ್ಲ ನನಗೆ ಅನಿಸುವುದು, ಕೃಷ್ಣ ಒಮ್ಮೆ ನಮ್ಮಮ್ಮನನ್ನು ಕೇಳಬೇಕಿತ್ತು, ಬಿಟ್ಟ ಬಟ್ಟೆ ಏನಾಗುತ್ತದೆ ಅಂತ.

ವರ್ಷಕ್ಕೆರಡು ಸಲ ಕಲಾಯಿಯವನು ನಮ್ಮ ಬೀದಿಗೆ ಬರುತ್ತಿದ್ದ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ, ಇದ್ದಲು ಕೆಂಪಾದ ಮೇಲೆ ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಹಾಕಿ, ತವರ ಮುಟ್ಟಿಸಿ ಹತ್ತಿಯಲ್ಲಿ ಒರೆಸಿದನೆಂದರೆ ಪಾತ್ರೆಯ ಒಳಗೆ ಬೆಳ್ಳಿ ಹರಿದಂತೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು, ಅದು ವಿಷ. ಹಾಗಾಗಿ ಹಿತ್ತಾಳೆ ಪಾತ್ರೆ ಇಟ್ಟುಕೊಳ್ಳುವುದೆಂದರೆ ಕಲಾಯಿಯವನನ್ನೂ ಇಟ್ಟುಕೊಳ್ಳುವುದು ಎಂದೇ ಅರ್ಥ. ರಿಪೇರಿ ಎನ್ನುವುದು ವಸ್ತು ಕೆಟ್ಟಾಗ ಬರುವ ಅಪಶಕುನವಾಗಿರಲಿಲ್ಲ, ಹಬ್ಬಕ್ಕೆ ಮನೆ ಸಾರಿಸಿದಂತೆ ಅದೂ ಒಂದು ಸರದಿ.

ಆದರೆ ಇಲ್ಲಿ ನಾನು ಸುಳ್ಳು ಹೇಳಬಾರದು. ಸ್ಟೀಲು ಪಾತ್ರೆ ಬಂದಾಗ ನಮ್ಮಮ್ಮ ಅಳಲಿಲ್ಲ. ಹುಣಸೇಹಣ್ಣು ಹಾಕಿ ಉಜ್ಜುವ ಕೆಲಸ ತಪ್ಪಿತಲ್ಲ ಎಂದು ಸಂತೋಷಪಟ್ಟಳು. ಹಿತ್ತಾಳೆಯನ್ನು ಕೊಂಡಾಡುವವರು ಅದನ್ನು ಉಜ್ಜಿದವರಲ್ಲ. ಹಳೆಯದನ್ನು ಉಳಿಸಿಕೊಳ್ಳಬೇಕು ಎಂದು ಹೇಳುವಾಗ, ಅದನ್ನು ಉಜ್ಜುವ ಕೈ ಯಾರದು ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ನನ್ನ ಕಾರಿಗೂ ಕೇಳಲೇಬೇಕಾಗಿತ್ತು.

ಮಗನಿಗೆ ನಾನು ಕೊಟ್ಟ ಉತ್ತರ ಒಂದೇ: “ಅದು ನಿಮ್ಮಪ್ಪನ ಕಾರು ಕಣೋ.” ಆ ಮಾತಿಗೆ ಅವನು ಸುಮ್ಮನಾಗುತ್ತಿದ್ದ. ಸತ್ತವರ ಹೆಸರು ಹೇಳಿದರೆ ಬದುಕಿರುವವರ ವಾದ ನಿಲ್ಲುತ್ತದೆ. ವಿಧವೆಯರಿಗೆ ಗೊತ್ತಿರುವ ಗುಟ್ಟು ಇದು. ಆದರೆ ಒಂದು ರಾತ್ರಿ ಕೂತು ನಾನೇ ಆ ಮಾತನ್ನು ಪರೀಕ್ಷಿಸಿದೆ. ಅವರ ಕಾರಿನಲ್ಲಿ ಅವರದ್ದು ಏನು ಉಳಿದಿದೆ? ಟೈರು ನಾಲ್ಕು ಸಲ ಬದಲಾಗಿದೆ. ಬ್ಯಾಟರಿಗೆ ಲೆಕ್ಕವಿಲ್ಲ. ಕ್ಲಚ್ ಪ್ಲೇಟು ಮೂರನೆಯದು, ಅದರಲ್ಲಿ ಎರಡನ್ನು ಸವೆಸಿದವಳು ನಾನೇ. ಸೀಟಿನ ಬಟ್ಟೆ, ಸೈಲೆನ್ಸರು, ಮುಂದಿನ ಗಾಜು ಎಲ್ಲ ಅವರು ಹೋದ ಮೇಲಿನವು.

ಗ್ರೀಕರ ಹಳೆಯ ಕಥೆಯೊಂದನ್ನು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರಂತೆ. ಹಲಗೆ ಲೊಡ್ಡಾದಂತೆಲ್ಲ ಹೊಸ ಹಲಗೆ ಹಾಕುತ್ತಾ ಹೋದರು. ಹಾಗಾದರೆ ಈಗ ಇರುವುದು ಅದೇ ಹಡಗೋ, ಬೇರೆಯದೋ ಎಂದು ಪಂಡಿತರು ಜಗಳಾಡಿದರು. ನಮ್ಮ ಕಡೆಯದೂ ಒಂದಿದೆ. ಮಿಲಿಂದ ಎಂಬ ಅರಸ ರಥವೇರಿ ಬಂದು ನಾಗಸೇನ ಎಂಬ ಬೌದ್ಧ ಭಿಕ್ಷುವಿನೊಡನೆ ವಾದಕ್ಕೆ ಕೂತಾಗ, ರಥ ಎಂದರೆ ಅಚ್ಚೇ, ಗಾಲಿಯೇ, ನೊಗವೇ ಎಂದು ಭಿಕ್ಷು ಕೇಳುತ್ತಾ ಹೋದ. ಯಾವ ಒಂದು ಭಾಗವೂ ರಥವಲ್ಲ ಎಂದು ಅರಸ ಒಪ್ಪಬೇಕಾಯಿತು. ಎಲ್ಲವೂ ಕೂಡಿಕೊಂಡಾಗ ನಾವು ಇಟ್ಟುಕೊಂಡ ಹೆಸರು ಅದು, ಅಷ್ಟೆ. ಇವೆರಡಕ್ಕಿಂತ ನೇರ ಉತ್ತರ ನಮ್ಮ ಆರ್‌ಟಿಓದವರದು. ಚಾಸಿ ನಂಬರು ಯಾವುದೋ ಅದೇ ಕಾರು. ಉಳಿದದ್ದೆಲ್ಲ ಬಿಡಿಭಾಗ.

ನಾಗಸೇನನ ಮಾತು ಹಿಡಿದು ಯೋಚಿಸಿದಾಗ ಇನ್ನೊಂದು ನೆನಪಾಯಿತು. ಕಾರು ಬಂದ ತಿಂಗಳಿಗೇ ಯಜಮಾನರು ಹನ್ನೆರಡು ವರ್ಷದ ಸ್ಕೂಟರನ್ನು ಮಾರಿದ್ದರು. ಅದರ ಮೇಲೆ ಮಗನನ್ನು ಮುಂದೆ ನಿಲ್ಲಿಸಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಗಾಂಧಿ ಬಜಾರೆಲ್ಲ ಸುತ್ತಿದವರು, ತಿರುಗಿ ಕೂಡ ನೋಡಲಿಲ್ಲ. ಇವತ್ತು ಅವರಿದ್ದಿದ್ದರೆ ಈ ಕಾರನ್ನೂ ಹತ್ತು ವರ್ಷದ ಹಿಂದೆಯೇ ಕೊಟ್ಟಿರುತ್ತಿದ್ದರು. ಅವರ ನೆನಪಿಗಾಗಿ ಇಟ್ಟುಕೊಂಡಿದ್ದೇನೆ ಎನ್ನುವುದು ಅವರು ಒಪ್ಪದ ಮಾತು.

ಹಾಗಾದರೆ ಇದು ಯಾರ ಕಾರು? ಉತ್ತರ ಸುಲಭವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಅದು ನನ್ನ ಕಾರು. ನಾನು ಐವತ್ತೆರಡು ವರ್ಷ ಒಬ್ಬರ ಪಕ್ಕದಲ್ಲೋ ಹಿಂದೆಯೋ ಕೂತು ಹೋದವಳು. ಮೊದಲು ಅಪ್ಪನ ಸೈಕಲ್ ಕ್ಯಾರಿಯರು, ಆಮೇಲೆ ಸ್ಕೂಟರಿನ ಹಿಂದಿನ ಸೀಟು, ಆಮೇಲೆ ಕಾರಿನ ಎಡಗಡೆ. ಬಲಗಡೆ ಕೂತದ್ದು ಇದೊಂದರಲ್ಲಿ. ಹೊಸ ಕಾರು ಮಗ ಕೊಡಿಸಿದ್ದಾಗುತ್ತದೆ, ಅದರ ಗೇರು ನನ್ನ ಕೈಗೆ ಸಿಗುವುದಿಲ್ಲ, ಮುಂದೆ ಒಂದು ದಿನ “ಅಮ್ಮ, ನೀನ್ಯಾಕೆ ಓಡಿಸ್ತೀಯ, ಡ್ರೈವರ್ ಇಡೋಣ” ಎಂಬ ಮಾತು ಬರುತ್ತದೆ. ಚುಚ್ಚಿದ ಮುಳ್ಳು ಇದು. ನಾನು ಅವರ ನೆನಪಿನ ಸೆರಗಿನಲ್ಲಿ ನನ್ನ ಭಯವನ್ನು ಮುಚ್ಚಿಟ್ಟಿದ್ದೆ.

ಇಷ್ಟು ತಿಳಿದ ಮೇಲೆ ಮೂರನೆಯ ಪ್ರಶ್ನೆಯೂ ಎದ್ದು ನಿಂತಿತು. ರಿಪೇರಿಯೋ ಹೊಸದೋ ಎಂದು ಜಗ್ಗಾಡುತ್ತಿದ್ದೇನೆ; ನನಗೆ ಕಾರು ಬೇಕೇ? 2017ರ ಜೂನ್‌ನಿಂದ ನ್ಯಾಷನಲ್ ಕಾಲೇಜಿನ ಹತ್ತಿರ ಹತ್ತಿದರೆ ಸಂಪಿಗೆ ರಸ್ತೆಯವರೆಗೆ ಮೆಟ್ರೋ ಇದೆ. ಒಂದು ಬೆಳಿಗ್ಗೆ ಕಾರಿನ ಕೀಲಿಯನ್ನು ದೇವರ ಮನೆಯಲ್ಲಿಟ್ಟು ಮೆಟ್ರೋದಲ್ಲಿ ಹೋದೆ. ಅರ್ಧ ಗಂಟೆಯೊಳಗೆ ಮಲ್ಲೇಶ್ವರ. ಎಂಟನೇ ಕ್ರಾಸಿನಲ್ಲಿ ಹೂ ಕೊಂಡು, ತರಕಾರಿ ಕೊಂಡು, ಪಾರ್ಕಿಂಗಿಗೆ ಯಾರ ಗೇಟಿನ ಮುಂದೆಯೂ ಬೈಸಿಕೊಳ್ಳದೆ ಅಕ್ಕನ ಮನೆ ಸೇರಿದೆ. ನನ್ನ ಮಟ್ಟಿಗೆ ಕಾರು ಬೇಡವೇ ಬೇಡ ಎಂದು ಅವತ್ತು ಸ್ಪಷ್ಟವಾಯಿತು. ಸ್ವಲ್ಪ ಅವಮಾನವೂ ಆಯಿತೆನ್ನಿ.

ಆದರೆ ಅಕ್ಕ ಇದ್ದಾಳೆ. ಎಪ್ಪತ್ತನಾಲ್ಕು ವರ್ಷ. ಪಾರ್ಶ್ವವಾಯು ಹೊಡೆದು ಎಡಗಾಲು ಸರಿಯಾಗಿ ಏಳುವುದಿಲ್ಲ. ಮಕ್ಕಳಿಲ್ಲ. ಪ್ರತಿ ಗುರುವಾರ ನಾನು ಅವಳನ್ನು ಮಲ್ಲೇಶ್ವರದಿಂದ ಕರೆತಂದು, ನಮ್ಮ ಮನೆ ಹತ್ತಿರದ ಫಿಸಿಯೋಥೆರಪಿಗೆ ಕರೆದೊಯ್ದು, ಊಟ ಮಾಡಿಸಿ, ಸಂಜೆ ಬಿಟ್ಟು ಬರುತ್ತೇನೆ. ಆಟೋ ಹತ್ತುವುದು ಅವಳಿಗೆ ಆಗುತ್ತದೆ. ಅವಳು ಹತ್ತುವವರೆಗೆ ಕಾಯುವ ಸಹನೆ ಎಲ್ಲ ಆಟೋದವರಿಗೂ ಇರುವುದಿಲ್ಲ. ಮೆಟ್ರೋದಲ್ಲಿ ಲಿಫ್ಟ್ ಇದೆ, ಲಿಫ್ಟಿನವರೆಗಿನ ಕಾಲುದಾರಿ ಅವಳಿಗೆ ಬೆಟ್ಟ. ಈ ಕಾರಿನಲ್ಲಿ ಅವಳು ಒಂದು ಕ್ರಮ ಕಂಡುಕೊಂಡಿದ್ದಾಳೆ. ಮೊದಲು ಅಡ್ಡಕ್ಕೆ ಕೂರುತ್ತಾಳೆ, ಬಲಗೈಯಿಂದ ಎಡಗಾಲನ್ನು ಎತ್ತಿ ಒಳಗಿಡುತ್ತಾಳೆ, ಆಮೇಲೆ ತಿರುಗುತ್ತಾಳೆ. ವಾಕರ್ ಮಡಿಸಿದರೆ ಹಿಂದಿನ ಸೀಟಿಗೆ ಸರಿಯಾಗಿ ಹಿಡಿಯುತ್ತದೆ. ವಾರಕ್ಕೊಮ್ಮೆ ಮನೆಯಿಂದ ಹೊರಬೀಳುವ ಅವಳಿಗೆ ಆ ದಾರಿಯೇ ಪೇಟೆ, ಅದೇ ಸಿನಿಮಾ.

ಇಷ್ಟು ಹೊತ್ತುಕೊಂಡು ಜನವರಿಯಲ್ಲಿ ಭಾಯಿ ಹತ್ತಿರ ಹೋದೆ. “ಬಿಚ್ಚಿ ನೋಡಿ. ಆಮೇಲೆ ಹೇಳ್ತೀನಿ” ಅಂದೆ. ಈ ಕಾರಿನಲ್ಲಿ ಗೇರ್ ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡು ಮುಂದೆಯೇ ಇರುತ್ತದೆ, ಮುಂದಿನ ಚಕ್ರಗಳನ್ನೇ ಎಳೆಯುತ್ತದೆ. ಅದನ್ನು ಇಳಿಸುವುದೇ ಅರ್ಧ ದಿನದ ಕೆಲಸ. ಸಾಮಾನಿನ ದುಡ್ಡಿಗಿಂತ ಕೂಲಿಯೇ ಹೆಚ್ಚು. ಮಾರನೇ ದಿನ ಹೋದಾಗ ಸೀಮೆಎಣ್ಣೆಯಲ್ಲಿ ತೊಳೆದ ಹಲ್ಲಿನ ಚಕ್ರಗಳನ್ನೆಲ್ಲ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದ್ದರು, ಬೊಂಬೆ ಹಬ್ಬಕ್ಕೆ ಇಟ್ಟ ಹಾಗೆ.

“ನೋಡಿ ಅಮ್ಮಾ, ಇದು ಎರಡನೇ ಗೇರು. ಈ ತೋಳು ಸರಿದು ಬಂದು ಈ ಸಣ್ಣ ಹಲ್ಲಿಗೆ ಕಚ್ಕೋಬೇಕು. ಮುಟ್ಟಿ ನೋಡಿ, ಮೂಲೆ ಮೊಂಡಾಗಿದೆ.” ಮುಟ್ಟಿದೆ. ಬಾಟಲಿ ಮುಚ್ಚಳದ ಮರೆ ಸವೆದರೆ ಎಷ್ಟು ತಿರುಗಿಸಿದರೂ ಜಾರುತ್ತದಲ್ಲ, ಹಾಗಿತ್ತು. ಸಮತಟ್ಟಿನಲ್ಲಿ ಹೇಗೋ ಹಿಡಿದುಕೊಂಡಿರುತ್ತದೆ, ಏರಿನಲ್ಲಿ ಭಾರ ಬಿದ್ದ ಕೂಡಲೇ ಕೈ ಬಿಡುತ್ತದೆ. “ಮೂರು, ನಾಲ್ಕು ಚೆನ್ನಾಗಿದೆ. ಅದನ್ನ ಮುಟ್ಟಲ್ಲ. ಇದೊಂದು ಗೇರು, ತೋಳು, ರಿಂಗು, ಎರಡು ಬೇರಿಂಗು, ಸೀಲು. ಒಂಬತ್ತು ಸಾವಿರದಲ್ಲಿ ಆಗುತ್ತೆ.” ಮೊದಲು ಹೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ.

“ಕಂಪನಿ ಈ ಕಾರು ನಿಲ್ಲಿಸಿ ಎಷ್ಟು ವರ್ಷ ಆಯ್ತು, ಸಾಮಾನು ಸಿಗುತ್ತಾ?”

“2014ರಲ್ಲಿ ನಿಲ್ಸಿದ್ರು. ಲಕ್ಷಗಟ್ಟಲೆ ಗಾಡಿ ಓಡಿದೆ, ಜೆ.ಸಿ. ರೋಡಲ್ಲಿ ಇನ್ನೂ ಸಿಗುತ್ತೆ. ಸಾಮಾನು ಸಿಗುತ್ತೆ ಅಮ್ಮಾ, ಬಿಚ್ಚೋವ್ರು ಸಿಗಲ್ಲ.” ಅವರ ಇಬ್ಬರು ಮಕ್ಕಳಲ್ಲಿ ಒಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿದ್ದಾನೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಕಲಿತ ಹುಡುಗರಿಗೆ ಪೂರ್ತಿ ಬಾಕ್ಸ್ ಬದಲಾಯಿಸಲು ಬರುತ್ತದೆ, ಒಳಗಿನ ಒಂದು ಹಲ್ಲನ್ನು ಗುರುತಿಸಲು ಬರುವುದಿಲ್ಲವಂತೆ. ನನಗೆ ಕಲಾಯಿಯವನು ನೆನಪಾದ. ಅವನು ಯಾವ ವರ್ಷದಿಂದ ಬರುವುದನ್ನು ನಿಲ್ಲಿಸಿದ ಎಂದು ನಮ್ಮ ಬೀದಿಯಲ್ಲಿ ಯಾರೂ ಗಮನಿಸಿರಲಿಲ್ಲ.

ಆದರೂ ಭಾಯಿ ನನ್ನನ್ನು ಸುಮ್ಮನೆ ಬಿಡಲಿಲ್ಲ. “ಒಂದು ಮಾತು ಹೇಳ್ಲಾ? ಗೇರು ನಾನು ಸರಿ ಮಾಡ್ತೀನಿ. ಹೊಸ ಗಾಡಿಯಷ್ಟು ಸೇಫ್ ಅಂತ ಮಾತ್ರ ಹೇಳಲ್ಲ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ತಗಡು ತೆಳು. ಹೊಗೆನೂ ಈಗಿನ ಗಾಡಿಯಷ್ಟು ಚೊಕ್ಕ ಬರಲ್ಲ. ದಿನಾ ಓಡಿಸೋದಾದ್ರೆ ಬೇಡ ಅಂತೀನಿ.” ಕೆಲಸ ಕೈಗೆ ಬಂದಿರುವಾಗ ಅದನ್ನು ತೂಗಿ ನೋಡಿ ಹೇಳುವವರು ಎಷ್ಟು ಜನ?

ಅವರು ಹೇಳಿದ್ದು ನಿಜ. ಭಾರತ್ ಸ್ಟೇಜ್ ಎಂಬ ಹೊಗೆಯ ನಿಯಮಗಳು ಬಂದದ್ದೇ 2000ದಲ್ಲಿ. ನನ್ನದು ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ಎಂಜಿನ್ನು. 2020ರಿಂದ ಬರುತ್ತಿರುವ ಕಾರುಗಳು ಆರನೇ ಹಂತದವು. ನಮ್ಮ ಪಕ್ಕದ ಮನೆಯ ಮಗುವಿಗೆ ಉಬ್ಬಸ. ನನ್ನ ಸ್ವಾತಂತ್ರ್ಯದ ಹೊಗೆಯನ್ನು ಅದು ಏಕೆ ಕುಡಿಯಬೇಕು? ಇದು ಆಗಲೇ ಹೇಳಿದ ಹಿತ್ತಾಳೆಯ ಪ್ರಶ್ನೆ: ಉಳಿಸಿಕೊಳ್ಳುವ ಹೆಮ್ಮೆ ನನ್ನದು, ಉಜ್ಜುವ ಕೈ ಇನ್ನೊಬ್ಬರದು. ಮತ್ತೊಂದು ಕಡೆ, ಹೊಸ ಕಾರೂ ಆಕಾಶದಿಂದ ಇಳಿಯುವುದಿಲ್ಲ. ಅದರ ಉಕ್ಕು, ಪ್ಲಾಸ್ಟಿಕ್ಕು, ಬಣ್ಣ ಎಲ್ಲೋ ಯಾರದೋ ಊರಿನಲ್ಲಿ ಹೊಗೆಯಾಗಿಯೇ ಬಂದಿರುತ್ತದೆ. ವಾರಕ್ಕೊಂದು ದಿನ ಓಡುವುದಕ್ಕೆ ಅಷ್ಟೆಲ್ಲ ಹೊಸದಾಗಿ ಹುಟ್ಟಿಸುವುದು ಸರಿಯೆನಿಸಲಿಲ್ಲ. ಹಾಗೆಂದು ದಿನವೂ ಹಳೆಯದನ್ನು ಹೊಗೆಯಾಡಿಸುವುದೂ ಸರಿಯಲ್ಲ.

ಕೊನೆಗೆ ತೀರ್ಮಾನ ಬಂದದ್ದು ಹೀಗೆ. ಕಾರು ನನಗಲ್ಲ, ಗುರುವಾರಕ್ಕೆ. ಗುರುವಾರ ಒಂದು ದಿನ, ಮತ್ತೆ ರಾತ್ರಿ ಹೊತ್ತು ಅಕ್ಕನಿಗೆ ಏನಾದರೂ ಆದರೆ. ಉಳಿದೆಲ್ಲ ಓಡಾಟ ಮೆಟ್ರೋ, ಬಸ್ಸು, ಕಾಲು. ಆ ಒಂದು ದಿನದ ಕೆಲಸಕ್ಕೆ ಈ ಕಾರು ಸಾಕು, ಒಂಬತ್ತು ಸಾವಿರ ದಂಡವಲ್ಲ. ಗೇರು ರಿಪೇರಿಯಾಯಿತು. ಫೆಬ್ರವರಿಯಲ್ಲಿ ಆರ್‌ಟಿಓ ಮುಂದೆಯೂ ಪಾಸಾಯಿತು. ಮಗನಿಗೆ ಫೋನು ಮಾಡಿ, “ಅಪ್ಪನ ಕಾರು ಅಂತ ಹೇಳ್ತಿದ್ದೆನಲ್ಲ, ಅದು ಸುಳ್ಳು ಕಣೋ, ನನಗೆ ಓಡಿಸೋಕೆ ಇಷ್ಟ” ಎಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಷ್ಟು ಮೊದಲೇ ಹೇಳಿದ್ರೆ ನಾನ್ಯಾಕೆ ಬೇಡ ಅಂತಿದ್ದೆ?” ಎಂದ. ಆ ಎರಡು ತಿಂಗಳಲ್ಲಿ ನನಗೆ ಅತಿ ಕಷ್ಟವಾದ ರಿಪೇರಿ ಈ ಒಂದು ವಾಕ್ಯವೇ.

ಅದೇ ದಿನ ಒಂದು ಕಾಗದ ಬರೆದು ಆರ್‌ಸಿ ಪುಸ್ತಕದ ಕವರಿನಲ್ಲಿ ಇಟ್ಟಿದ್ದೇನೆ. ಯಾವಾಗ ಬಿಡಬೇಕು ಎಂಬುದನ್ನು ಮನಸ್ಸು ಸ್ತಿಮಿತದಲ್ಲಿರುವಾಗಲೇ ತೀರ್ಮಾನಿಸಬೇಕು. ಗೇರು ಜಾರುವಾಗ ಏರಿನ ಮಧ್ಯದಲ್ಲಿ ಕೂತು ಅಲ್ಲ. ಹೊಗೆ ತಪಾಸಣೆಯಲ್ಲಿ ಫೇಲಾದರೆ, ಚಾಸಿಗೆ ತುಕ್ಕು ಹತ್ತಿದರೆ, ಅಕ್ಕನಿಗೆ ಗುರುವಾರ ಬೇಡವಾದರೆ, ಅಥವಾ ನನ್ನ ಕಣ್ಣು ಮಂಜಾದರೆ, ಕಾರು ಸರ್ಕಾರ ಒಪ್ಪಿದ ಗುಜರಿ ಕೇಂದ್ರಕ್ಕೆ ಹೋಗಬೇಕು. ಇನ್ನೊಬ್ಬರ ಬೀದಿಯಲ್ಲಿ ಹೊಗೆ ಬಿಡಲು ಮಾರಬಾರದು. ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಾಗಿಲ್ಲ.

ಕಾನೂನಿಗೂ ಒಂದು ಹಾಸ್ಯ ಪ್ರಜ್ಞೆ ಇದೆ. ನನ್ನ ವಯಸ್ಸಿನವರ ಡ್ರೈವಿಂಗ್ ಲೈಸೆನ್ಸು ಕೂಡ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ವೈದ್ಯರ ಸರ್ಟಿಫಿಕೇಟು ಹಚ್ಚಬೇಕು. 2025ರಲ್ಲಿ ನಾನು ಪಾಸಾದೆ. ಕಾರಿಗೆ 2028ರವರೆಗೆ ಅನುಮತಿ, ನನಗೆ 2030ರವರೆಗೆ. ಇಪ್ಪತ್ತು ವರ್ಷ ದಾಟಿದ ಕಾರುಗಳ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಹತ್ತು ಸಾವಿರಕ್ಕೆ ಏರಿಸಿದ್ದಾರೆ; ಮುಂದಿನ ಸಲ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಆಗ ಕಾಗದ ತೆಗೆದು ಓದುತ್ತೇನೆ.

ರಿಪೇರಿಯಾದ ಮೊದಲ ಗುರುವಾರ ಅದೇ ಏರಿನಲ್ಲಿ ಎರಡನೇ ಗೇರಿಗೆ ಹಾಕಿದೆ. ಕೈಯನ್ನು ಹಿಡಿಯ ಮೇಲೇ ಇಟ್ಟುಕೊಂಡಿದ್ದೆ, ಮತ್ತೆ ಜಿಗಿದೀತು ಎಂದು. ಜಿಗಿಯಲಿಲ್ಲ. ಬಸವಣ್ಣನ ಗುಡಿ ಬಂತು, ದಾಟಿತು. ಅಕ್ಕ ಕಿಟಕಿಯಾಚೆ ನೋಡುತ್ತಾ, “ಈ ಸಲ ಮುಂದಕ್ಕೇ ಹೋಗ್ತಿದೀಯ” ಅಂದಳು.